ಕ್ಯಾಡ್ ಕಲಿಕೆ: ಶಿಕಾರಿಪುರ, ಸೊರಬದ ವಿದ್ಯಾರ್ಥಿಗೆ ಎಲ್ಲಿ ಸಿಗುತ್ತೆ, ಯಾರ ಖರ್ಚಲ್ಲಿ?

ಶಿಕಾರಿಪುರ ಮತ್ತು ಸೊರಬ ಅಕ್ಕಪಕ್ಕದ ತಾಲ್ಲೂಕುಗಳು. ಎರಡೂ ಸೇರಿ ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಆ ಕುರ್ಚಿಯಲ್ಲಿದ್ದರು, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ನಾಲ್ಕು ಸಲ ಪ್ರಮಾಣವಚನ ತೆಗೆದುಕೊಂಡರು. 2023ರ ಚುನಾವಣೆಯಲ್ಲೂ ಗೆದ್ದಿದ್ದು ಅವೇ ಮನೆಗಳವರು: ಇಲ್ಲಿ ಬಿ.ವೈ. ವಿಜಯೇಂದ್ರ, ಅಲ್ಲಿ ಮಧು ಬಂಗಾರಪ್ಪ. ಅದೇ ವರ್ಷದ ಫೆಬ್ರವರಿ 27ರಂದು ಪ್ರಧಾನಿ ಬಂದು ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟಿಸಿದರು. ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಹೊಸ ರೈಲು ಮಾರ್ಗಕ್ಕೆ ಶಂಕುಸ್ಥಾಪನೆಯೂ ಅವತ್ತೇ ಆಯಿತು.

ಇವತ್ತು ರೈಲು ಮಾರ್ಗ, ಸೇತುವೆ, ಕಟ್ಟಡ ಯಾವುದೇ ಆಗಲಿ, ಮೊದಲು ಕಂಪ್ಯೂಟರ್ ಪರದೆ ಮೇಲೆ ಗೆರೆಯಾಗಿ ಹುಟ್ಟುತ್ತೆ. ಆ ಗೆರೆ ಎಳೆಯುವ ಕೆಲಸ ಶಿರಾಳಕೊಪ್ಪದ, ಆನವಟ್ಟಿಯ ಹುಡುಗ ಹುಡುಗಿಯರಿಗೆ ಸಿಗಬೇಕು ಅಂದ್ರೆ ಅವರು ಏನು ಕಲಿಯಬೇಕು? ಎಲ್ಲಿ ಕಲಿಯಬೇಕು? ಯಾರ ದುಡ್ಡಲ್ಲಿ? ಕಾಲೇಜು ಸೇರುವವರಿಗೆ, ಸೇರಿಸುವ ಅಪ್ಪ ಅಮ್ಮಂದಿರಿಗೆ, ಓಟು ಕೇಳೋಕೆ ಬರುವವರನ್ನು ಪ್ರಶ್ನೆ ಮಾಡಬೇಕು ಅಂದುಕೊಂಡವರಿಗೆ ಇಲ್ಲೊಂದು ಕೈಪಿಡಿ.

ಕ್ಯಾಡ್ ಅಂದ್ರೆ ಏನು?

ಕಂಪ್ಯೂಟರ್ ಏಡೆಡ್ ಡಿಸೈನ್, ಚಿಕ್ಕದಾಗಿ ಕ್ಯಾಡ್. ಡ್ರಾಯಿಂಗ್ ಬೋರ್ಡ್, ಮಿನಿ ಡ್ರಾಫ್ಟರ್, ಪೆನ್ಸಿಲ್ ಹಿಡಿದು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ಸಂಶೋಧಕ ಬೆಳಕಿನ ಪೆನ್ನಿನಿಂದ ಪರದೆ ಮೇಲೆ ಗೆರೆ ಎಳೆಯುವ ‘ಸ್ಕೆಚ್‌ಪ್ಯಾಡ್’ ಮಾಡಿ ತೋರಿಸಿದ. 1982ರಲ್ಲಿ ಆಟೋಡೆಸ್ಕ್ ಕಂಪನಿಯ ಆಟೋಕ್ಯಾಡ್ ಬಂತು, ಕ್ಯಾಡ್ ಸಾಮಾನ್ಯ ಪಿಸಿಗೆ ಇಳಿಯಿತು.

ಇದರಲ್ಲಿ ಎರಡು ದಾರಿ. ಒಂದು ಟೂಡಿ ಡ್ರಾಫ್ಟಿಂಗ್: ಮನೆ ಪ್ಲಾನ್, ರಸ್ತೆಯ ಅಡ್ಡಕೊಯ್ತ, ಯಂತ್ರದ ಬಿಡಿಭಾಗದ ಟಾಪ್ ವ್ಯೂ, ಫ್ರಂಟ್ ವ್ಯೂ. ಇನ್ನೊಂದು ತ್ರೀಡಿ ಮಾಡೆಲಿಂಗ್: ವಸ್ತುವನ್ನೇ ಪರದೆಯೊಳಗೆ ಕಟ್ಟಿ, ತಿರುಗಿಸಿ, ಕತ್ತರಿಸಿ, ಅದರಿಂದ ಡ್ರಾಯಿಂಗ್ ತೆಗೆಯುವುದು. ತ್ರೀಡಿಯಲ್ಲಿ ಅಳತೆಗಳು ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಸರಿಯಾಗಿ ಕಟ್ಟಿದ ಮಾಡೆಲ್‌ನಲ್ಲಿ ತೂತಿನ ವ್ಯಾಸವನ್ನು 10 ಮಿಲಿಮೀಟರಿನಿಂದ 12ಕ್ಕೆ ಬದಲಿಸಿದರೆ ಅದಕ್ಕೆ ಸಂಬಂಧಿಸಿದ ಎಲ್ಲ ಡ್ರಾಯಿಂಗ್‌ಗಳೂ ಬದಲಾಗುತ್ತವೆ. ಪೆನ್ಸಿಲ್ಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಆದರೆ ಕ್ಯಾಡ್ ನಿಮ್ಮ ಪರವಾಗಿ ಯೋಚನೆ ಮಾಡಲ್ಲ. ತಗಡಿನ ಕೆಲಸದವರು ಆಲಿಕೆ ಮಾಡುವ ಮೊದಲು ಅದನ್ನು ಬಿಚ್ಚಿ ಹರಡಿದರೆ ಹೇಗಿರುತ್ತೆ ಅಂತ ತಲೆಯಲ್ಲೇ ನೋಡಿ ತಗಡಿನ ಮೇಲೆ ಗುರುತು ಹಾಕಿಕೊಳ್ತಾರೆ. ಇಂಜಿನಿಯರಿಂಗ್ ಪುಸ್ತಕದಲ್ಲಿ ಇದರ ಹೆಸರು ‘ಡೆವಲಪ್‌ಮೆಂಟ್ ಆಫ್ ಸರ್ಫೇಸಸ್’. ಸೊರಬ, ಸಾಗರದ ಗುಡಿಗಾರರು ಗಂಧದ ತುಂಡಿಗೆ ಉಳಿ ಇಡುವ ಮೊದಲು ಅದರೊಳಗಿನ ಆಕಾರವನ್ನು ಕಾಣ್ತಾರೆ. ಬೇಲೂರಿನ ಶಿಲ್ಪಗಳಲ್ಲಿ ಹೆಸರು ಬಿಟ್ಟುಹೋದ ದಾಸೋಜ ಈಗಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು. ಘನಾಕೃತಿಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಹೊಸದು ಉಪಕರಣ ಮತ್ತು ಅದರ ಒಡೆತನ.

ಎಲ್ಲಿ ಕಲಿಸ್ತಾರೆ? ಮೂರು ಮೆಟ್ಟಿಲು

*ಐಟಿಐ.* ಎಸ್ಸೆಸ್ಸೆಲ್ಸಿ ಆದವರಿಗೆ ಡ್ರಾಫ್ಟ್ಸ್‌ಮನ್ ಸಿವಿಲ್, ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎಂಬ ಎರಡು ವರ್ಷದ ಟ್ರೇಡ್‌ಗಳಿವೆ. ಕೈಯಲ್ಲಿ ಡ್ರಾಯಿಂಗ್ ಕಲಿಸಿ ಆಮೇಲೆ ಕ್ಯಾಡ್‌ಗೆ ಕರೆದೊಯ್ಯುವ ಕೋರ್ಸ್ ಇದು. ಗಮನಿಸಿ, ಎಲ್ಲ ಐಟಿಐಗಳಲ್ಲೂ ಈ ಟ್ರೇಡ್ ಇರಲ್ಲ, ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ನೇ ಜಾಸ್ತಿ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿತು. 2022ರ ಜೂನ್‌ನಲ್ಲಿ ಪ್ರಧಾನಿ ಅವುಗಳನ್ನು ಲೋಕಾರ್ಪಣೆ ಮಾಡಿದರು. ನಿಮ್ಮ ಹತ್ತಿರದ ಐಟಿಐ ಆ ಪಟ್ಟಿಯಲ್ಲಿದ್ದರೆ, ಒಳಗೆ ಹೋಗಿ ಯಂತ್ರಗಳು ಓಡ್ತಿವೆಯಾ ಅಂತ ಕಣ್ಣಾರೆ ನೋಡಿ.

*ಡಿಪ್ಲೊಮಾ.* ಮೂರು ವರ್ಷದ ಪಾಲಿಟೆಕ್ನಿಕ್ ಕೋರ್ಸ್. 2020-21ರಿಂದ ಜಾರಿಗೆ ಬಂದ ಸಿ-20 ಪಠ್ಯಕ್ರಮದಲ್ಲಿ ಮೊದಲ ವರ್ಷವೇ ಕಂಪ್ಯೂಟರ್ ಡ್ರಾಯಿಂಗ್ ಇದೆ. ಸುತ್ತಮುತ್ತ ನೋಡಿದರೆ ಸಾಗರದಲ್ಲಿ ಸಂಜಯ್ ಮೆಮೋರಿಯಲ್ ಪಾಲಿಟೆಕ್ನಿಕ್ ಇದೆ, ಭದ್ರಾವತಿಯಲ್ಲಿ ವಿಐಎಸ್‌ಎಸ್‌ಜೆ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಸಣ್ಣ ಊರಿನ, ಕಡಿಮೆ ದುಡ್ಡಿನ ಮನೆಗಳಿಗೆ ಈ ದಾರಿ ಮುಖ್ಯ. ಮಧ್ಯದಲ್ಲಿ ನಿಲ್ಲಿಸಿದರೂ ಕೈಯಲ್ಲೊಂದು ಕೆಲಸದ ವಿದ್ಯೆ ಇರುತ್ತೆ.

ಇದೇ ಸಾಲಿಗೆ ಜಿಟಿಟಿಸಿಯನ್ನೂ ಸೇರಿಸಬೇಕು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಲ್ಲಿ ಶುರುವಾದ ಈ ಸರ್ಕಾರಿ ಟೂಲ್ ರೂಂ ಈಗ ರಾಜ್ಯದ ಹಲವು ಊರುಗಳಲ್ಲಿದೆ. ಟೂಲ್ ಮತ್ತು ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಕ್ಯಾಡ್‌ನಲ್ಲಿ ಬರೆದದ್ದನ್ನು ಮಷೀನ್ ಮೇಲೆ ಮಾಡಿ ನೋಡುವ ಅವಕಾಶ ಇಲ್ಲಿದೆ. ಇದು ಬೇರೆ ಕಡೆ ಸುಲಭವಾಗಿ ಸಿಗಲ್ಲ.

*ಬಿಇ.* ಎರಡೂ ತಾಲ್ಲೂಕಿನವರು ಡಿಗ್ರಿಗೆ ಊರು ಬಿಡಲೇಬೇಕು. ಶಿವಮೊಗ್ಗದಲ್ಲಿ 1980ರ ಜೆಎನ್‌ಎನ್‌ಸಿಇ ಮತ್ತು 2007ರ ಪಿಇಎಸ್‌ಐಟಿಎಂ, ರಾಣೆಬೆನ್ನೂರಿನಲ್ಲಿ ಎಸ್‌ಟಿಜೆಐಟಿ, ದಾವಣಗೆರೆಯಲ್ಲಿ ಬಿಐಇಟಿ ಇವೆ. ಇವೆಲ್ಲ ಖಾಸಗಿ ಆಡಳಿತದವು. ಸಾರ್ವಜನಿಕ ವಲಯದಲ್ಲಿ ಹತ್ತಿರ ಇರೋದು ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಮತ್ತು ದಾವಣಗೆರೆಯ ಯುಬಿಡಿಟಿ. 1951ರಲ್ಲಿ ಶುರುವಾದ ಯುಬಿಡಿಟಿ ಈಗ ವಿಟಿಯುವಿನದ್ದೇ ಘಟಕ ಕಾಲೇಜು. ಅಲ್ಲಿನ ಪೇಮೆಂಟ್ ಸೀಟುಗಳ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದು ನೆನಪಿರಲಿ. ಇಲ್ಲಿ ಹೆಸರಿಸಿದ ಕಾಲೇಜುಗಳಲ್ಲಿ ಒಂದೂ ಶಿಕಾರಿಪುರದಲ್ಲಿಲ್ಲ, ಸೊರಬದಲ್ಲಿಲ್ಲ.

ಯಾವ ಸಾಫ್ಟ್‌ವೇರ್ ಯಾತಕ್ಕೆ?

ಆಟೋಕ್ಯಾಡ್: ಟೂಡಿ ಡ್ರಾಯಿಂಗ್. ಸಿವಿಲ್, ಆರ್ಕಿಟೆಕ್ಚರ್, ಪಂಚಾಯಿತಿಗೆ ಕೊಡುವ ಪ್ಲಾನ್ ಎಲ್ಲಕ್ಕೂ ಇದೇ ಚಾಲ್ತಿ.

ಸಾಲಿಡ್ ಎಡ್ಜ್: ತ್ರೀಡಿ, ಮೆಕ್ಯಾನಿಕಲ್. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷದ ಡ್ರಾಯಿಂಗ್‌ಗೆ ಬಹಳ ಕಡೆ ಬಳಸೋದು ಇದನ್ನೇ. ಈಗ ಸೀಮೆನ್ಸ್ ಕಂಪನಿಯ ಕೈಯಲ್ಲಿದೆ.

ಸಾಲಿಡ್‌ವರ್ಕ್ಸ್, ಕಟಿಯಾ: ಎರಡೂ ಫ್ರಾನ್ಸಿನ ದಸಾಲ್ಟ್ ಸಿಸ್ಟಮ್ಸ್‌ನವು. ಮೊದಲನೆಯದು ಸಣ್ಣ, ಮಧ್ಯಮ ಕೈಗಾರಿಕೆಗಳಲ್ಲಿ, ಎರಡನೆಯದು ಕಾರು ಮತ್ತು ವಿಮಾನ ಕಂಪನಿಗಳಲ್ಲಿ ಹೆಚ್ಚು.

ರೆವಿಟ್: ಕಟ್ಟಡವನ್ನು ತ್ರೀಡಿಯಲ್ಲಿ ಕಟ್ಟಿ, ಗೋಡೆ, ಪೈಪು, ವೈರಿಂಗ್ ಎಲ್ಲವನ್ನೂ ಒಂದೇ ಮಾಡೆಲ್‌ನಲ್ಲಿ ಇಡುವುದು. ಸಿವಿಲ್‌ನವರು ಸ್ಟಾಡ್ ಪ್ರೊವನ್ನೂ ಕಲಿಯುತ್ತಾರೆ, ಆದರೆ ಅದು ಕಟ್ಟಡ ಎಷ್ಟು ಭಾರ ತಡೆಯುತ್ತೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್.

ಫ್ರೀಕ್ಯಾಡ್, ಲಿಬ್ರೆಕ್ಯಾಡ್: ಸ್ವತಂತ್ರ ತಂತ್ರಾಂಶಗಳು. ಮೊದಲನೆಯದು ತ್ರೀಡಿ, ಎರಡನೆಯದು ಟೂಡಿ. ಲೈಸೆನ್ಸ್ ಶುಲ್ಕ ಇಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತವೆ. 2002ರಲ್ಲಿ ಶುರುವಾದ ಫ್ರೀಕ್ಯಾಡ್‌ನ 1.0 ಆವೃತ್ತಿ ಬಂದಿದ್ದು 2024ರ ನವೆಂಬರ್‌ನಲ್ಲಿ.

ಸಿಲಬಸ್ ಒಂದು, ಲ್ಯಾಬ್ ಇನ್ನೊಂದು

ವಿಟಿಯು ಶುರುವಾಗಿದ್ದು 1998ರಲ್ಲಿ. ಮೊದಲ ವರ್ಷದ ಡ್ರಾಯಿಂಗ್ ವಿಷಯಕ್ಕೆ ಅದು ಇಟ್ಟ ಹೆಸರುಗಳನ್ನು ನೋಡಿದರೆ ನಗು ಬರುತ್ತೆ. 2015ರ ಸ್ಕೀಮಿನಲ್ಲಿ ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್, ಅಂದ್ರೆ ಸಿಎಇಡಿ. 2018ರಲ್ಲಿ ಇಂಜಿನಿಯರಿಂಗ್ ಗ್ರಾಫಿಕ್ಸ್. 2021ರಲ್ಲಿ ಇಂಜಿನಿಯರಿಂಗ್ ವಿಶುವಲೈಸೇಷನ್. 2022ರಲ್ಲಿ ಮತ್ತೆ ಸಿಎಇಡಿ. ಹೆಸರು ಸುತ್ತು ಹಾಕಿ ಮನೆಗೇ ಬಂತು. ಒಳಗಿನ ತಿರುಳು ಹೆಚ್ಚುಕಮ್ಮಿ ಹಳೆಯದೇ: ಬಿಂದು, ರೇಖೆ, ಸಮತಲ, ಘನಾಕೃತಿಗಳ ಪ್ರೊಜೆಕ್ಷನ್, ಡೆವಲಪ್‌ಮೆಂಟ್, ಐಸೊಮೆಟ್ರಿಕ್.

ಈ ತಿರುಳು ಒಳ್ಳೆಯದೇ. ಷಡ್ಭುಜ ಪಿರಮಿಡ್ಡನ್ನು ತಳದ ಒಂದು ಅಂಚಿನ ಮೇಲೆ ವಾಲಿಸಿ ನಿಲ್ಲಿಸಿದರೆ ಮೇಲಿಂದ ಹೇಗೆ ಕಾಣುತ್ತೆ ಅಂತ ಕಲ್ಪಿಸಿಕೊಳ್ಳೋಕೆ ಬಂದವರಿಗೆ ಯಾವ ಸಾಫ್ಟ್‌ವೇರ್ ಬದಲಾದರೂ ಭಯ ಇಲ್ಲ. ತೊಂದರೆ ಇರೋದು ಕಲಿಸುವ ರೀತಿಯಲ್ಲಿ. ನಾನು ಓದಿದ ಕಾಲೇಜಿನಲ್ಲಿ ಪರೀಕ್ಷೆಗೆ ಬರುವ ಲೆಕ್ಕಗಳನ್ನು ‘ಮೊದಲು ಇಲ್ಲಿ ಕ್ಲಿಕ್, ಆಮೇಲೆ ರೊಟೇಟ್, ಆಮೇಲೆ ಪ್ರೊಜೆಕ್ಟ್’ ಅಂತ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸ್ತಿದ್ದರು. ಕೋನ ಬದಲಿಸಿ ಕೊಟ್ಟರೆ ಅರ್ಧ ಕ್ಲಾಸ್ ಕೈಚೆಲ್ಲುತ್ತಿತ್ತು. ಮೂರು ಗಂಟೆಯ ಪರೀಕ್ಷೆ ಪಾಸಾಗೋಕೆ ಇಷ್ಟು ಸಾಕು. ಕೆಲಸಕ್ಕೆ ಹೋದ ಮೊದಲ ದಿನ ಸಾಕಾಗಲ್ಲ. ಅಲ್ಲಿ ಕೇಳುವುದು ಟಾಲರೆನ್ಸ್ ಎಷ್ಟು ಕೊಟ್ಟಿದ್ದೀರಿ, ಇದನ್ನು ಲೇಥ್ ಮೇಲೆ ಮಾಡೋಕಾಗುತ್ತಾ, ಈ ಬೋಲ್ಟಿಗೆ ಸ್ಪ್ಯಾನರ್ ಹೋಗೋಕೆ ಜಾಗ ಇದೆಯಾ ಅನ್ನೋದನ್ನ.

ಈ ಕಂದಕದಲ್ಲಿ ಹುಟ್ಟಿಕೊಂಡಿರುವುದೇ ಪೇಟೆಯ ಖಾಸಗಿ ಕ್ಯಾಡ್ ಸೆಂಟರ್‌ಗಳ ವ್ಯಾಪಾರ. ನಾಲ್ಕು ವರ್ಷ ಕಾಲೇಜಿಗೆ ಫೀಸು ಕಟ್ಟಿದವರು, ಸಿಲಬಸ್‌ನಲ್ಲೇ ಇರುವ ವಿಷಯಕ್ಕೆ ಇನ್ನೊಂದು ಫೀಸು ಕಟ್ಟಿ ‘ಸರ್ಟಿಫಿಕೇಟ್’ ತಗೋತಾರೆ. ಒಂದೇ ವಿದ್ಯೆಗೆ ಎರಡು ಸಲ ದುಡ್ಡು. ಶಿವಮೊಗ್ಗದಲ್ಲಿ ಮನೆ ಇರುವವರಿಗೆ ಇದು ಸಂಜೆಯ ಕ್ಲಾಸ್. ಆನವಟ್ಟಿಯವರಿಗೆ ಪಿಜಿ ಬಾಡಿಗೆ, ಮೆಸ್ಸಿನ ಬಿಲ್ಲು ಎಲ್ಲ ಸೇರಿದ ಖರ್ಚು.

ಲೈಸೆನ್ಸ್ ಯಾರದ್ದು?

‘ಸ್ಟೂಡೆಂಟ್ ವರ್ಷನ್ ಫ್ರೀ ಇದೆಯಲ್ಲ, ಮತ್ತೇನು ಸಮಸ್ಯೆ?’ ಅಂತ ಕೇಳುವವರಿದ್ದಾರೆ. ಹೌದು, ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತೆ. ಒಂದು ವರ್ಷದ ಅವಧಿ, ವಿದ್ಯಾರ್ಥಿ ಅಂತ ದಾಖಲೆ ತೋರಿಸಿ ನವೀಕರಿಸಬೇಕು. ಸಾಲಿಡ್ ಎಡ್ಜ್‌ಗೂ ಉಚಿತ ವಿದ್ಯಾರ್ಥಿ ಆವೃತ್ತಿ ಇದೆ. ಕಲಿಯೋಕೆ ಇವನ್ನು ಧಾರಾಳವಾಗಿ ಬಳಸಿ. ಕ್ರ್ಯಾಕ್ ಮಾಡಿದ ಕಾಪಿಗಿಂತ ಸಾವಿರ ಪಾಲು ವಾಸಿ.

ಆದರೆ ಷರತ್ತು ಓದಿ. ಈ ಆವೃತ್ತಿಗಳು ಕಲಿಕೆಗೆ ಮಾತ್ರ, ದುಡಿಮೆಗೆ ಬಳಸುವಂತಿಲ್ಲ. ಕೋರ್ಸ್ ಮುಗಿದ ಮೇಲೆ ಊರಲ್ಲೇ ಕೂತು ಮನೆ ಪ್ಲಾನ್ ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸೋಣ ಅಂದ್ರೆ ವರ್ಷವರ್ಷ ದುಡ್ಡು ಕಟ್ಟುವ ಲೈಸೆನ್ಸ್ ಬೇಕು. ಕಂಪನಿಗಳು ಉಚಿತವಾಗಿ ಕೊಡೋದು ಧರ್ಮಕ್ಕಲ್ಲ. ಕೈ ಯಾವ ಮೆನುವಿಗೆ ಒಗ್ಗುತ್ತೋ ಮುಂದೆ ಅದಕ್ಕೇ ಬೇಡಿಕೆ ಬರುತ್ತೆ ಅನ್ನೋ ಲೆಕ್ಕಾಚಾರ.

ಫೈಲ್ ವಿಚಾರ ಇನ್ನೂ ಸೂಕ್ಷ್ಮ. ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲಿನ ಒಳರಚನೆ ಕಂಪನಿಯದ್ದು. ತ್ರೀಡಿ ಮಾಡೆಲ್‌ಗಳಿಗೆ ‘ಸ್ಟೆಪ್’ ಎಂಬ ಅಂತಾರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 10303. ಯಾವ ಸಾಫ್ಟ್‌ವೇರಿನಿಂದ ಯಾವುದಕ್ಕೆ ಬೇಕಾದರೂ ಇದರ ಮೂಲಕ ಸಾಗಿಸಬಹುದು. ಪ್ರಾಜೆಕ್ಟ್ ಮಾಡುವಾಗ ಒಂದು ಪ್ರತಿಯನ್ನು ಸ್ಟೆಪ್‌ನಲ್ಲಿ ಇಟ್ಟುಕೊಳ್ಳಿ. ಕಾಲೇಜಿನ ಲೈಸೆನ್ಸ್ ಮುಗಿದರೂ ನಿಮ್ಮ ಕೆಲಸ ನಿಮ್ಮದಾಗಿಯೇ ಉಳಿಯುತ್ತೆ.

2015ರಲ್ಲಿ ಕೇಂದ್ರ ಸರ್ಕಾರವೇ ತನ್ನ ಇ-ಆಡಳಿತಕ್ಕೆ ಓಪನ್ ಸೋರ್ಸ್ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿತು. ಆಫೀಸಿಗೆ ಒಪ್ಪಿದ ಈ ತತ್ವ ತರಗತಿಗೆ ಯಾಕೆ ಬೇಡ? ಐಐಟಿ ಬಾಂಬೆಯ ಫೋಸಿ ಯೋಜನೆ ಸಾರ್ವಜನಿಕ ಹಣದಲ್ಲೇ ಉಕ್ಕಿನ ಕಟ್ಟಡ ವಿನ್ಯಾಸಕ್ಕೆ ‘ಓಸ್‌ಡ್ಯಾಗ್’ ಎಂಬ ಸ್ವತಂತ್ರ ತಂತ್ರಾಂಶ ಮಾಡಿದೆ. ಅದು ಭಾರತೀಯ ಮಾನಕ ಐಎಸ್ 800:2007ರ ಪ್ರಕಾರವೇ ಲೆಕ್ಕ ಹಾಕುತ್ತೆ. ಇದನ್ನು ಬಳಸೋಕೆ ಯಾರ ಅನುಮತಿಯೂ ಬೇಕಿಲ್ಲ.

ಇದಕ್ಕೊಂದು ಎದುರು ವಾದ ಇದೆ, ಅದರಲ್ಲಿ ಸತ್ಯವೂ ಇದೆ: ಕಂಪನಿಗಳು ಕೆಲಸಕ್ಕೆ ಕರೆಯುವಾಗ ಫ್ರೀಕ್ಯಾಡ್ ಕೇಳಲ್ಲ, ಕಟಿಯಾ ಕೇಳ್ತಾರೆ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದು ಅನ್ನೋ ಮಾತಿಲ್ಲ. ಮೊದಲ ವರ್ಷ ತತ್ವಗಳನ್ನು ಸ್ವತಂತ್ರ ತಂತ್ರಾಂಶದಲ್ಲಿ ಕಲಿಸಿ, ಕೊನೆಯ ವರ್ಷಗಳಲ್ಲಿ ಉದ್ಯಮದ ಸಾಫ್ಟ್‌ವೇರ್ ಕೊಡಿ. ತತ್ವ ಗೊತ್ತಿದ್ದವರು ಮೆನು ಕಲಿಯೋದು ಕೆಲವೇ ವಾರಗಳ ಮಾತು.

ಕಂಪ್ಯೂಟರ್, ಬಸ್ಸು, ಭಾಷೆ

2021ರ ಜೂನ್‌ನಲ್ಲಿ, ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಕಾರ್ಯಕ್ರಮ ಶುರುಮಾಡಿತು. ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆ ಅದು ಆದೀತು. ಆದರೆ ಸಾಲಿಡ್ ಎಡ್ಜ್ ಓಡೋದು ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ. ಬಿಎ ಓದುವವರ ಅಗತ್ಯ, ಮೆಕ್ಯಾನಿಕಲ್ ಡಿಪ್ಲೊಮಾದವರ ಅಗತ್ಯ ಒಂದೇ ಅಂದುಕೊಂಡರೆ ಹೀಗಾಗುತ್ತೆ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರಿಗೆ ಉಳಿಯೋದು ಕಾಲೇಜು ಲ್ಯಾಬ್ ಒಂದೇ, ಅದೂ ಟೈಮ್‌ಟೇಬಲ್ ಪ್ರಕಾರ.

ಸಂಜೆ ಐದರವರೆಗೆ ಕೂತು ಅಭ್ಯಾಸ ಮಾಡೋಣ ಅಂದ್ರೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಇದು ದೊಡ್ಡ ಅನುಕೂಲ. ಆದರೆ ಮಲೆನಾಡಿನ ಹಲವು ರೂಟುಗಳಲ್ಲಿ ಓಡೋದು ಖಾಸಗಿ ಬಸ್ಸೇ ಜಾಸ್ತಿ, ಅಲ್ಲಿ ‘ಶಕ್ತಿ’ ನಡೆಯಲ್ಲ. ಲ್ಯಾಬ್ ಸಂಜೆ ತೆರೆದಿದ್ದರೂ ಊರಿನ ಕೊನೆ ಬಸ್ ಹೊರಟುಹೋಗಿದ್ದರೆ ಪ್ರಯೋಜನ ಇಲ್ಲ.

ಇನ್ನು ಭಾಷೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ‘ಆಕ್ಸಿಸ್ ಇನ್‌ಕ್ಲೈನ್ಡ್ ಟು ಎಚ್‌ಪಿ, ಪ್ಯಾರಲಲ್ ಟು ವಿಪಿ’ ಅಂದಾಗ ರೇಖಾಗಣಿತಕ್ಕಿಂತ ಇಂಗ್ಲಿಷೇ ಕಷ್ಟ. ಎಐಸಿಟಿಇ 2021ರಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್‌ಗೆ ಅವಕಾಶ ಕೊಟ್ಟಾಗ ಭಾಲ್ಕಿಯ ಬಿಕೆಐಟಿ ಸೇರಿದಂತೆ ರಾಜ್ಯದ ಬೆರಳೆಣಿಕೆಯ ಕಾಲೇಜುಗಳು ಕನ್ನಡ ಮಾಧ್ಯಮಕ್ಕೆ ಮುಂದೆ ಬಂದವು, ಆದರೆ ಸೇರಿದವರು ತೀರಾ ಕಡಿಮೆ. ಕೆಲಸ ಸಿಗುತ್ತೋ ಇಲ್ಲವೋ ಅನ್ನೋ ಭಯ ಸಹಜವೇ. ಹಾಗಂತ ಇಡೀ ಡಿಗ್ರಿ ಕನ್ನಡದಲ್ಲಿ, ಇಲ್ಲಾಂದ್ರೆ ಕನ್ನಡವೇ ಬೇಡ ಅಂತ ಹಟ ಹಿಡಿಯಬೇಕಾಗಿಲ್ಲ. ಪದಗಳು ಇಂಗ್ಲಿಷ್‌ನಲ್ಲೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಹಲವು ಸ್ವತಂತ್ರ ತಂತ್ರಾಂಶಗಳ ಪಾಠವನ್ನು ಕನ್ನಡ ಧ್ವನಿಯಲ್ಲಿ ಕೊಟ್ಟಿದೆ. ಅದೇ ಮಾದರಿಯಲ್ಲಿ ಸಿಎಇಡಿಯ ಪ್ರತಿ ಅಧ್ಯಾಯಕ್ಕೂ ವಿಟಿಯು ಕನ್ನಡ ವಿಡಿಯೊ ಮಾಡಬಹುದು.

ಕಲಿತ ಮೇಲೆ ಕೆಲಸ ಎಲ್ಲಿ?

ಎಲ್ಲರೂ ಪೀಣ್ಯಕ್ಕೆ ಬಸ್ ಹತ್ತಬೇಕಾಗಿಲ್ಲ. ಶಿವಮೊಗ್ಗ ಸುತ್ತಮುತ್ತ ಫೌಂಡ್ರಿಗಳಿವೆ. ಎರಕ ಹೊಯ್ಯುವ ಮೊದಲು ಪ್ಯಾಟರ್ನ್‌ಗೆ ಡ್ರಾಯಿಂಗ್ ಬೇಕು, ಲೋಹ ಆರುವಾಗ ಕುಗ್ಗುವಷ್ಟು ಅಳತೆ ಮೊದಲೇ ಸೇರಿಸಬೇಕು. ಇದು ಶುದ್ಧ ಕ್ಯಾಡ್ ಕೆಲಸ. ಅಡಿಕೆ ಸುಲಿಯುವ ಯಂತ್ರ ಮಾಡುವ ಸಣ್ಣ ವರ್ಕ್‌ಶಾಪ್‌ಗಳಿವೆ. ಮನೆ ಪ್ಲಾನ್, ಲೇಔಟ್ ಸರ್ವೆ, ಕೆರೆ ಏರಿ, ಕಾಲುವೆ ಕಾಮಗಾರಿ ಎಲ್ಲಕ್ಕೂ ಡ್ರಾಯಿಂಗ್ ಬೇಕು.

ಇದರ ಇನ್ನೊಂದು ಮಗ್ಗುಲೂ ಇದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಕಾರ್ಮಿಕರು ಹೋರಾಟಕ್ಕೆ ಕೂತರು. ಕಾರ್ಖಾನೆ ಇಲ್ಲದ ಜಿಲ್ಲೆಯಲ್ಲಿ ಡ್ರಾಫ್ಟ್ಸ್‌ಮನ್ ತಯಾರು ಮಾಡಿದರೆ ಅವರು ಊರು ಬಿಡ್ತಾರೆ, ಅಷ್ಟೇ. ಕ್ಯಾಡ್ ಕಲಿಸೋದು ಕೈಗಾರಿಕಾ ನೀತಿಗೆ ಬದಲಿ ಆಗಲ್ಲ.

2024ರ ಜನವರಿ 12ರಂದು ಯುವನಿಧಿಗೆ ಚಾಲನೆ ಸಿಕ್ಕಿದ್ದು ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಈ ಹಣ ಬೇಕು, ಬೇಡ ಅನ್ನುವವರ ಜೊತೆ ನಾನಿಲ್ಲ. ಆದರೆ ಆ 1,500 ರೂಪಾಯಿ ಖಾಸಗಿ ಕ್ಯಾಡ್ ಸೆಂಟರಿನ ಕಂತಿಗೆ ಹೋಗೋದಾದರೆ, ಸರ್ಕಾರ ತಾನು ಪಾಲಿಟೆಕ್ನಿಕ್‌ನಲ್ಲಿ ಕಲಿಸಬೇಕಾಗಿದ್ದಕ್ಕೆ ಎರಡನೇ ಸಲ ದುಡ್ಡು ಕೊಟ್ಟ ಹಾಗಾಯಿತು.

ಸೀಟು ಪಡೆಯುವ ಮುನ್ನ ಕಾಲೇಜಿಗೆ ಕೇಳಿ

1. ಒಂದು ಬ್ಯಾಚಿನಲ್ಲಿ ಒಬ್ಬರಿಗೆ ಒಂದು ಕಂಪ್ಯೂಟರ್ ಇದೆಯಾ, ಹಂಚಿಕೊಳ್ಳಬೇಕಾ?
2. ಯಾವ ಸಾಫ್ಟ್‌ವೇರ್, ಎಷ್ಟು ಲೈಸೆನ್ಸ್, ಯಾವ ಆವೃತ್ತಿ?
3. ತರಗತಿ ಮುಗಿದ ಮೇಲೂ ಲ್ಯಾಬ್ ತೆರೆದಿರುತ್ತಾ?
4. ಮೊದಲ ವರ್ಷದ ನಂತರ ಕ್ಯಾಡ್ ಮತ್ತೆ ಯಾವ ಸೆಮಿಸ್ಟರ್‌ನಲ್ಲಿ ಬರುತ್ತೆ?
5. ಬರೆದ ಡ್ರಾಯಿಂಗನ್ನು ವರ್ಕ್‌ಶಾಪ್‌ನಲ್ಲಿ ಒಂದಾದರೂ ವಸ್ತುವಾಗಿ ಮಾಡಿಸ್ತಾರಾ?

ಐದನೆಯದಕ್ಕೆ ‘ಹೌದು’ ಅಂದ ಕಾಲೇಜನ್ನು ಗಂಭೀರವಾಗಿ ಪರಿಗಣಿಸಿ.

ಸರ್ಕಾರಕ್ಕೆ ಕೇಳಿ

ಸರ್ಕಾರಿ ಐಟಿಐ, ಪಾಲಿಟೆಕ್ನಿಕ್ ಆದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಸಾಕು. ಲ್ಯಾಬಿನಲ್ಲಿ ಇರುವ ಕಂಪ್ಯೂಟರ್ ಎಷ್ಟು, ಓಡುತ್ತಿರುವುದು ಎಷ್ಟು? ಕಳೆದ ಮೂರು ವರ್ಷ ಸಾಫ್ಟ್‌ವೇರ್ ಲೈಸೆನ್ಸ್‌ಗೆ ಖರ್ಚಾಗಿದ್ದು ಎಷ್ಟು? ಮೆಕ್ಯಾನಿಕಲ್, ಸಿವಿಲ್ ವಿಭಾಗದಲ್ಲಿ ಕಾಯಂ ಬೋಧಕರೆಷ್ಟು, ಅತಿಥಿಗಳೆಷ್ಟು? ಉತ್ತರ ಬಂದ ಮೇಲೆ ಅದನ್ನು ಹಿಡಿದು ಶಾಸಕರ ಬಳಿ ಹೋಗಿ.

ಬೇಡಿಕೆಯೂ ದೊಡ್ಡದೇನಲ್ಲ. ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಸಾರ್ವಜನಿಕ ಕ್ಯಾಡ್ ಲ್ಯಾಬ್. ಇಪ್ಪತ್ತು ಮೂವತ್ತು ಒಳ್ಳೆ ಕಂಪ್ಯೂಟರ್, ಸ್ವತಂತ್ರ ತಂತ್ರಾಂಶ, ಒಂದು ತ್ರೀಡಿ ಪ್ರಿಂಟರ್, ಕನ್ನಡದಲ್ಲಿ ಹೇಳಿಕೊಡೋಕೆ ಒಬ್ಬರು. ಐಟಿಐಯವರು, ಡಿಪ್ಲೊಮಾದವರು, ರಜೆಗೆ ಊರಿಗೆ ಬಂದ ಬಿಇಯವರು, ವರ್ಕ್‌ಶಾಪ್ ಇಟ್ಟವರು, ಗುಡಿಗಾರರ ಮಕ್ಕಳು ಯಾರು ಬೇಕಾದರೂ ಬಂದು ಕೂರುವಂತಿರಬೇಕು. ತಾಲ್ಲೂಕು ಗ್ರಂಥಾಲಯದಲ್ಲಿ ಪುಸ್ತಕ ಓದೋಕೆ ಯಾರೂ ಲೈಸೆನ್ಸ್ ಕೇಳಲ್ಲ. ಗೆರೆ ಎಳೆಯೋಕೂ ಕೇಳಬಾರದು.

ವಿಮಾನ ನಿಲ್ದಾಣ ತಂದೆವು, ರೈಲು ತಂದೆವು ಅಂತ ಮುಂದಿನ ಚುನಾವಣೆಯಲ್ಲೂ ಭಾಷಣ ಕೇಳ್ತೀರಿ. ಆಗ ಕೈ ಎತ್ತಿ ಒಂದೇ ಮಾತು ಕೇಳಿ: ಅದರ ಡ್ರಾಯಿಂಗ್ ಟೇಬಲ್‌ನಲ್ಲಿ ನಮ್ಮೂರಿನವರು ಎಷ್ಟು ಜನ ಕೂತಿದ್ರು?